ಖಾಲಿ ಉಳಿದ ಐದನೇ ಮನೆ

ಕ್ಯಾಮೆರಾದ ಮುಂದೆ ನಾನು ಹಿಡಿದಿರುವ ಈ ಹಾಳೆ ನಮ್ಮ ತಂಡ ಈ ವರ್ಷ ಆಡಿದ ಕೊನೆಯ ಪಂದ್ಯದ ಸ್ಕೋರ್‌ಶೀಟ್. ಬ್ಯಾಸ್ಕೆಟ್‌ಬಾಲ್ ಆಡದವರ ಕಣ್ಣಿಗೆ ಇದು ದಿನಸಿ ಅಂಗಡಿಯ ಲೆಕ್ಕದ ಚೀಟಿಯಂತೆ ಕಾಣಬಹುದು. ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಗೆದ್ದ ತಂಡಕ್ಕೆ ಗುಲಾಬಿ ಬಣ್ಣದ ಪ್ರತಿ, ಸೋತ ತಂಡಕ್ಕೆ ಹಳದಿ ಬಣ್ಣದ ಪ್ರತಿ ಸಿಗಬೇಕು. ನಮ್ಮ ಅಂತರ ಕಾಲೇಜು ಪಂದ್ಯಗಳಲ್ಲಿ ಅಷ್ಟೆಲ್ಲ ಬಣ್ಣದ ವೈಭವ ಇರುವುದಿಲ್ಲ. ಪಂದ್ಯ ಮುಗಿದ ಮೇಲೆ ಮೇಜಿನ ಬಳಿ ಕುಳಿತವರನ್ನು ಕೇಳಿಕೊಂಡರೆ ಝೆರಾಕ್ಸ್ ಕೊಡುತ್ತಾರೆ. ಹಾಗಾಗಿ ನನ್ನ ಕೈಯಲ್ಲಿರುವ ಸೋಲು ಬಿಳಿಯ ಬಣ್ಣದ್ದು.

ಪ್ರತಿ ಆಟಗಾರ್ತಿಯ ಹೆಸರಿನ ಮುಂದೆ ಐದು ಚಿಕ್ಕ ಚೌಕಗಳಿವೆ. ಚೌಕಾಬಾರ ಆಡಿ ಬೆಳೆದ ನಾನು ಅವುಗಳನ್ನು ಮನೆಗಳೆಂದೇ ಕರೆಯುತ್ತೇನೆ. ಒಂದು ಫೌಲ್ ಮಾಡಿದರೆ ಒಂದು ಮನೆ ತುಂಬುತ್ತದೆ. ಐದನೆಯದೂ ತುಂಬಿದರೆ 30 ಸೆಕೆಂಡಿನೊಳಗೆ ಬದಲಿ ಆಟಗಾರ್ತಿ ಒಳಗೆ ಬರಬೇಕು, ಹೊರಗೆ ಹೋದವಳು ಆ ಪಂದ್ಯದಲ್ಲಿ ಮತ್ತೆ ಆಡುವಂತಿಲ್ಲ. ಪಂದ್ಯ ಮುಗಿದಾಗ, ತುಂಬದೆ ಉಳಿದ ಮನೆಗಳ ಮೇಲೆ ಸ್ಕೋರರ್ ದಪ್ಪನೆಯ ಅಡ್ಡಗೆರೆ ಎಳೆದು ಮುಚ್ಚಿಬಿಡುತ್ತಾರೆ. ಇಲ್ಲಿ, ನನ್ನ ಬೆರಳಿರುವ ಜಾಗದಲ್ಲಿ, 11ನೇ ನಂಬರಿನ ಮುಂದೆ ನಾಲ್ಕು ಮನೆಗಳು ತುಂಬಿವೆ, ಐದನೆಯದರ ಮೇಲೆ ಗೆರೆ ಇದೆ. ಆ ಪಂದ್ಯ ಮುಗಿದು ಎರಡು ತಿಂಗಳಾದರೂ ನಾನು ನೋಡುತ್ತಿರುವುದು ಆ ಗೆರೆಯನ್ನೇ.

ನಾನು ಮಂಡ್ಯದ ಒಂದು ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕ. ಮಕ್ಕಳ ಬಾಯಲ್ಲಿ ಪಿ.ಡಿ. ಸರ್. ಕ್ರಿಕೆಟ್ ಬಿಟ್ಟು ಬೇರೆ ಆಟವಿದೆ ಎಂದು ನೆನಪಿಸುವುದೇ ಅರ್ಧ ಕೆಲಸವಾಗಿರುವ ಊರಿನಲ್ಲಿ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡವನ್ನು ನೋಡಿಕೊಳ್ಳುತ್ತಿದ್ದೇನೆ. ಅವರು ಇನ್ನೂ ಓದುತ್ತಿರುವ ಮಕ್ಕಳಾದ್ದರಿಂದ ಇಲ್ಲಿ ಯಾರ ಹೆಸರನ್ನೂ ಹೇಳುವುದಿಲ್ಲ, ಅಂಗಿಯ ನಂಬರಿನಿಂದಲೇ ಗುರುತಿಸುತ್ತೇನೆ. ನಮ್ಮ ಅಂಗಿಗಳ ನಂಬರು ಇಂದಿಗೂ 4ರಿಂದ 15ರವರೆಗೆ ಮಾತ್ರ. 2014ರಲ್ಲಿ ನಿಯಮ ಸಡಿಲವಾಗಿ ಸೊನ್ನೆಯಿಂದ 99ರವರೆಗೆ ಯಾವುದನ್ನಾದರೂ ಹಾಕಿಕೊಳ್ಳಬಹುದೆಂದಾಯಿತು, ಆದರೆ ಹೊಸ ಅಂಗಿ ಹೊಲಿಸಲು ನಮ್ಮ ಕ್ರೀಡಾ ನಿಧಿ ಇನ್ನೂ ಆ ವರ್ಷಕ್ಕೆ ಬಂದು ತಲುಪಿಲ್ಲ.

ಈಗ ಪರದೆಯ ಮೇಲೆ ಕಾಣುತ್ತಿರುವುದು ನಮ್ಮ ಅಂಕಣ. ಸಿಮೆಂಟಿನ ನೆಲ, ತುಕ್ಕು ಹಿಡಿದ ಕಂಬ, ಬಲಗಡೆಯ ರಿಂಗು ಸ್ವಲ್ಪ ಮುಂದಕ್ಕೆ ಬಾಗಿದೆ. ರಿಂಗು ನೆಲದಿಂದ 3.05 ಮೀಟರ್ ಎತ್ತರದಲ್ಲಿರಬೇಕು. ಈ ಕಡೆಯದು ಎರಡು ಬೆರಳಿನಷ್ಟು ಕಡಿಮೆ ಇರುವುದನ್ನು ನಾನೇ ಟೇಪು ಹಿಡಿದು ಅಳೆದಿದ್ದೇನೆ. ಬೆಳಗ್ಗೆ ಇಬ್ಬನಿ ಬಿದ್ದಿರುತ್ತದೆ. ಗೋಣಿಚೀಲದಿಂದ ನೆಲ ಒರೆಸಿದ ಮೇಲೆಯೇ ಅಭ್ಯಾಸ. ಕಬ್ಬು ಅರೆಯುವ ಹಂಗಾಮು ಶುರುವಾದರೆ ಆಲೆಮನೆಗಳ ಹೊಗೆಯೂ ಅಂಕಣದ ಮೇಲೆ ಹಾದುಹೋಗುತ್ತದೆ, ಚೆಂಡಿಗೂ ಬೆಲ್ಲದ ವಾಸನೆ ಹತ್ತಿದಂತಿರುತ್ತದೆ.

ಮದ್ದೂರು, ಪಾಂಡವಪುರ, ಮಳವಳ್ಳಿ ಕಡೆಯ ಹಳ್ಳಿಗಳಿಂದ ಬರುವ ಈ ಹುಡುಗಿಯರ ಅಭ್ಯಾಸದ ವೇಳೆಯನ್ನು ನಿರ್ಧರಿಸುವುದು ನನ್ನ ಸೀಟಿಯಲ್ಲ, ಬಸ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬೆಳಗಿನ ಅಭ್ಯಾಸಕ್ಕೆ ಬರುವವರ ಸಂಖ್ಯೆ ಕಣ್ಣಿಗೆ ಕಾಣುವಷ್ಟು ಹೆಚ್ಚಿತು. ಅದಕ್ಕೆ ಮುಂಚೆ ವಾರಕ್ಕೆ ಎರಡು ದಿನ ಬಂದು ಉಳಿದ ದಿನ ಬಸ್ಸಿನ ದುಡ್ಡು ಉಳಿಸುತ್ತಿದ್ದ ಮಕ್ಕಳಿದ್ದರು. ಆದರೆ ಟಿಕೆಟ್ಟಿಗೆ ದುಡ್ಡು ಕೊಡಬೇಕಾಗಿಲ್ಲ ಎಂದ ಮಾತ್ರಕ್ಕೆ ಸಂಜೆಯ ಕೊನೆಯ ಬಸ್ಸು ತಡವಾಗಿ ಹೊರಡುವುದಿಲ್ಲ. ಸಂಜೆ ಐದೂವರೆ ಆಗುತ್ತಿದ್ದಂತೆ ಅರ್ಧ ತಂಡ ರಿಂಗಿನ ಕಡೆ ನೋಡುವುದನ್ನು ಬಿಟ್ಟು ಗೇಟಿನ ಕಡೆ ನೋಡುತ್ತಿರುತ್ತದೆ.

ಲೀಗ್ ಹಂತದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾಲ್ಕು ಪಂದ್ಯ ಆಡಿ ನಾಲ್ಕನ್ನೂ ಗೆದ್ದೆವು. ಆ ಪಂದ್ಯಗಳಲ್ಲಿ ಇಪ್ಪತ್ತು ಅಂಕ ಮುಂದಿದ್ದಾಗಲೂ ನಾನು ಅದೇ ಐದು ಜನರನ್ನು ಅಂಕಣದಲ್ಲಿ ಉಳಿಸಿಕೊಂಡೆ, ಬೆಂಚಿನಲ್ಲಿದ್ದವರಿಗೆ ನೀರಿನ ಬಾಟಲಿ ಕೊಡುವ ಕೆಲಸ ಬಿಟ್ಟು ಬೇರೇನೂ ಸಿಗಲಿಲ್ಲ. ಅಂತರ ಹೆಚ್ಚಿದಷ್ಟೂ ವಿಶ್ವವಿದ್ಯಾನಿಲಯದ ತಂಡಕ್ಕೆ ಆಯ್ಕೆ ಮಾಡುವವರ ಕಣ್ಣಿಗೆ ನಮ್ಮ ಹುಡುಗಿಯರು ಬೀಳುತ್ತಾರೆ ಎಂಬ ಆಸೆ ನನ್ನದು. ಆ ಆಸೆಗೆ ತೆತ್ತ ಬೆಲೆ ಸೆಮಿಫೈನಲ್‌ನಲ್ಲಿ ತಿಳಿಯಿತು.

ಸೆಮಿಫೈನಲ್ ನಡೆದದ್ದು ಮೈಸೂರಿನ ಒಂದು ಒಳಾಂಗಣದಲ್ಲಿ. ಮರದ ನೆಲದ ಮೇಲೆ ಮೊದಲ ಸಲ ಆಡಿದ ನಮ್ಮ ಮಕ್ಕಳಿಗೆ ಚೆಂಡು ಪುಟಿಯುವ ರೀತಿಯೇ ಹೊಸದು, ಆದರೂ ಮೊದಲ ಅರ್ಧದಲ್ಲಿ ಚೆನ್ನಾಗಿಯೇ ಆಡಿದರು. ನಮ್ಮ 11ನೇ ನಂಬರಿನವಳು ತಂಡದಲ್ಲೇ ಎತ್ತರದವಳು. ಗುರಿ ತಪ್ಪಿ ಹಲಗೆಗೆ ಬಡಿದು ಬರುವ ಚೆಂಡು, ಅಂದರೆ ರೀಬೌಂಡ್, ಎಲ್ಲಿ ಬೀಳುತ್ತದೆಂದು ಅವಳಿಗೆ ಉಳಿದವರಿಗಿಂತ ಒಂದು ಕ್ಷಣ ಮೊದಲೇ ಗೊತ್ತಾಗುತ್ತದೆ, ಅದನ್ನು ನಾನು ಕಲಿಸಿದ್ದಲ್ಲ. ಅವಳ ದೋಷ ಒಂದೇ. ಎದುರಾಳಿ ಪಕ್ಕಕ್ಕೆ ಸರಿದಾಗ ಕಾಲು ಸರಿಸಿ ದಾರಿ ಮುಚ್ಚುವ ಬದಲು ಕೈ ಹಾಕುತ್ತಾಳೆ. ಮೂರನೇ ಅವಧಿಯಲ್ಲಿ ಇನ್ನೂ 6 ನಿಮಿಷ ಬಾಕಿ ಇರುವಾಗ, ನಾವು 34–26ರಿಂದ ಮುಂದಿದ್ದಾಗ, ಹಾಗೆ ಕೈ ಹಾಕಿಯೇ ನಾಲ್ಕನೇ ಫೌಲ್ ಮಾಡಿದಳು.

ಮೇಜಿನ ಬಳಿ ಕುಳಿತವರು ನಾಲ್ಕು ಎಂದು ಬರೆದ ಫಲಕ ಎತ್ತುವುದಕ್ಕೆ ಮುಂಚೆಯೇ ನಾನು ಬದಲಿ ಆಟಗಾರ್ತಿಯನ್ನು ಎಬ್ಬಿಸಿದ್ದೆ. ಅದರಲ್ಲಿ ಯೋಚನೆ ಇರಲಿಲ್ಲ, ಬರೀ ಅಭ್ಯಾಸಬಲ. ನಾನು ಆಡುತ್ತಿದ್ದ ಕಾಲದಲ್ಲಿ ನನ್ನ ಕೋಚ್ ಹಾಗೆಯೇ ಮಾಡುತ್ತಿದ್ದರು, ನಾಲ್ಕು ಫೌಲ್ ಆದವರನ್ನು ಕೊನೆಯ ನಿಮಿಷಗಳಿಗೆಂದು ಕೂರಿಸಿ ಕಾಪಾಡಿಕೊಳ್ಳಬೇಕು ಎಂಬುದು ನಮ್ಮಲ್ಲಿ ತಲೆಮಾರಿನಿಂದ ತಲೆಮಾರಿಗೆ ಬಂದ ಪಾಠ. 11 ಬಂದು ನನ್ನ ಪಕ್ಕದಲ್ಲಿ ಕುಳಿತು, ಟವೆಲ್ಲನ್ನು ಮೊಣಕಾಲಿನ ಮೇಲೆ ಹಾಸಿಕೊಂಡು, ಅದರ ಅಂಚಿನ ನೂಲನ್ನು ಒಂದೊಂದಾಗಿ ಎಳೆಯತೊಡಗಿದಳು. ಅವಳ ಜಾಗಕ್ಕೆ ಹೋದ 14ನೇ ನಂಬರಿನವಳು ಆ ಇಡೀ ಪಂದ್ಯಾವಳಿಯಲ್ಲಿ ಅಂಕಣಕ್ಕೆ ಕಾಲಿಟ್ಟದ್ದು ಅದೇ ಮೊದಲು. ಹೆದರಿದ ಕೈಗೆ ಚೆಂಡು ನಿಲ್ಲುವುದಿಲ್ಲ, ಅದಕ್ಕೆ ಅವಳನ್ನು ದೂರಲಾರೆ. ಎದುರಾಳಿಗಳ ಗುರಿ ತಪ್ಪಿದಾಗಲೆಲ್ಲ ಚೆಂಡು ಮತ್ತೆ ಅವರ ಕೈಗೇ ಹೋಗುತ್ತಿತ್ತು, ಪ್ರತಿ ಸಲವೂ ಗಡಿಯಾರ ಅವರಿಗೆ ಮತ್ತೆ ಗುರಿಯಿಟ್ಟು ಎಸೆಯಲು ಹೊಸದಾಗಿ 14 ಸೆಕೆಂಡು ಕೊಡುತ್ತಿತ್ತು. ಗಾಬರಿಯಲ್ಲಿ ಉಳಿದವರು ಫೌಲ್ ಮೇಲೆ ಫೌಲ್ ಮಾಡಿದರು. ಒಂದು ಅವಧಿಯಲ್ಲಿ ತಂಡದ ಫೌಲ್ ನಾಲ್ಕು ದಾಟಿದರೆ ಮುಂದಿನ ಪ್ರತಿಯೊಂದಕ್ಕೂ ಎದುರಾಳಿಗೆ ಎರಡು ಫ್ರೀ ಥ್ರೋ, ಅಂದರೆ ಯಾರ ಅಡ್ಡಿಯೂ ಇಲ್ಲದ ಎಸೆತ, ಮತ್ತು ಆ ದಿನ ಅವರು ಫ್ರೀ ಥ್ರೋಗಳನ್ನು ದೇವಸ್ಥಾನದ ಹುಂಡಿಗೆ ಕಾಸು ಹಾಕಿದಷ್ಟು ಸಲೀಸಾಗಿ ಹಾಕುತ್ತಿದ್ದರು.

ನಾಲ್ಕನೇ ಅವಧಿಯಲ್ಲಿ 3 ನಿಮಿಷ ಉಳಿದಾಗ 11ನ್ನು ಮತ್ತೆ ಒಳಗೆ ಕಳುಹಿಸಿದೆ. ಆಗ ಅಂಕದ ಹಲಗೆಯ ಮೇಲೆ 43–49 ಎಂದಿತ್ತು. ಆ 3 ನಿಮಿಷದಲ್ಲಿ ನಾವು 8 ಅಂಕ ಗಳಿಸಿದೆವು, ಅವರು 4. ಕೊನೆಯ ಎಸೆತ ರಿಂಗಿನ ಅಂಚಿನಲ್ಲಿ ಸುತ್ತಿ ಹೊರಗೆ ಬಿತ್ತು. 51–53.

ಬಸ್ಸಿನಲ್ಲಿ ಮಂಡ್ಯಕ್ಕೆ ಹಿಂದಿರುಗುವಾಗ ಶ್ರೀರಂಗಪಟ್ಟಣ ದಾಟುವವರೆಗೂ ನಾನು ಅದೃಷ್ಟವನ್ನು ದೂರುತ್ತಿದ್ದೆ, ಆಮೇಲೆ ಮರದ ನೆಲವನ್ನು. ಈ ಹಾಳೆಯನ್ನು ಬಿಡಿಸಿ ನೋಡಿದ್ದು ಮನೆಗೆ ಹೋಗಿ ಊಟವಾದ ಮೇಲೆ. ಆಗ ಕೂಡಿಸಿ ನೋಡಿದೆ: 40 ನಿಮಿಷದ ಪಂದ್ಯದಲ್ಲಿ ಅವಳು ನನ್ನ ಪಕ್ಕದಲ್ಲಿ ಕುಳಿತದ್ದು 13 ನಿಮಿಷ, ಅಷ್ಟರಲ್ಲಿ ನಾವು ಗಳಿಸಿದ್ದು 9, ಅವರು ಗಳಿಸಿದ್ದು 23. ಐದನೇ ಫೌಲ್ ಆದರೆ ಅವಳು ಹೊರಗೆ ಹೋಗಬೇಕಾಗುತ್ತದೆ ಎಂಬ ಭಯದಿಂದ ನಾನೇ ಅವಳನ್ನು ಹೊರಗೆ ಕಳುಹಿಸಿದ್ದೆ. ಅವಳು ಮಾಡದೆ ಉಳಿಸಿದ ಐದನೇ ಫೌಲನ್ನು ಬೆಂಚಿನಲ್ಲಿ ಕುಳಿತು ನಾನು ಮಾಡಿದ್ದೆ.

ಕೊನೆಯ ನಿಮಿಷಗಳಿಗೆ ಬೆಲೆ ಹೆಚ್ಚು ಎನ್ನುವವರಿದ್ದಾರೆ. ನಾನೂ ಹಾಗೆಯೇ ನಂಬಿದ್ದವನು. ಆದರೆ ಮೂರನೇ ಅವಧಿಯಲ್ಲಿ ಬಿದ್ದ ಎರಡು ಅಂಕವೂ ಕೊನೆಯ ನಿಮಿಷದಲ್ಲಿ ಬಿದ್ದ ಎರಡು ಅಂಕವೂ ಹಲಗೆಯ ಮೇಲೆ ಎರಡೇ. ನಾಲ್ಕು ಫೌಲ್ ಆದವಳು ಅಳುಕಿ ಆಡುತ್ತಾಳೆ, ಎದುರಾಳಿಗಳು ಬೇಕೆಂದೇ ಅವಳ ಮೇಲೆ ನುಗ್ಗುತ್ತಾರೆ ಎಂಬ ಮಾತನ್ನು ಮಾತ್ರ ಒಪ್ಪುತ್ತೇನೆ. ಅದಕ್ಕೂ ದಾರಿ ಇತ್ತು. ಒಬ್ಬೊಬ್ಬ ಎದುರಾಳಿಯನ್ನು ಒಬ್ಬೊಬ್ಬರು ಕಾಯುವುದನ್ನು ಬಿಟ್ಟು, ಮುಂದೆ ಇಬ್ಬರು ಹಿಂದೆ ಮೂವರು ನಿಂತು ತಂತಮ್ಮ ಜಾಗ ಕಾಯುವ ಜೋನ್ ರಕ್ಷಣೆಗೆ ತಂಡವನ್ನು ತಿರುಗಿಸಿ, ಅವಳನ್ನು ನಡುವಿನಿಂದ ತೆಗೆದು ಹಿಂದಿನ ಮೂಲೆಗೆ ಹಾಕಿದ್ದರೆ ರೀಬೌಂಡ್ ಅವಳಿಗೇ ಸಿಗುತ್ತಿತ್ತು, ನುಗ್ಗಿ ಬರುವವರನ್ನು ಮೊದಲು ತಡೆಯುವ ಕೆಲಸ ಬೇರೆಯವರದಾಗುತ್ತಿತ್ತು. ಅದನ್ನು ನಾವು ಅಭ್ಯಾಸ ಮಾಡಿಯೂ ಇದ್ದೆವು. ಆ ಹೊತ್ತಿನಲ್ಲಿ ನನಗೆ ಹೊಳೆಯಲಿಲ್ಲ.

ಹಾಳೆಯ ಮೇಲ್ಭಾಗದಲ್ಲಿ ಇನ್ನೊಂದು ಸಾಕ್ಷಿ ಇದೆ. ಎರಡನೇ ಅರ್ಧಕ್ಕೆ ಪ್ರತಿ ತಂಡಕ್ಕೂ ಆಟ ನಿಲ್ಲಿಸಿ ಮಾತಾಡಿಕೊಳ್ಳುವ ಮೂರು ಟೈಮ್‌ಔಟ್ ಸಿಗುತ್ತವೆ, ಆದರೆ ಕೊನೆಯ 2 ನಿಮಿಷದಲ್ಲಿ ಎರಡಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಅಷ್ಟರೊಳಗೆ ಒಂದನ್ನೂ ಬಳಸದಿದ್ದರೆ ಒಂದು ತಾನಾಗಿಯೇ ಸತ್ತುಹೋಗುತ್ತದೆ, ಸ್ಕೋರರ್ ಆ ಚೌಕದಲ್ಲಿ ಎರಡು ಸಮಾನಾಂತರ ಗೆರೆ ಎಳೆಯುತ್ತಾರೆ. ನಮ್ಮ ಮೊದಲ ಚೌಕದಲ್ಲಿ ಆ ಎರಡು ಗೆರೆಗಳಿವೆ. ಎದುರಾಳಿಗಳು 23 ಅಂಕ ಬಾಚಿಕೊಳ್ಳುವಾಗ ನಾನು ಒಂದು ಟೈಮ್‌ಔಟ್ ಕೂಡ ಕೇಳಲಿಲ್ಲ, ಕೊನೆಗೆ ಬೇಕಾಗುತ್ತದೆಂದು ಇಟ್ಟುಕೊಂಡಿದ್ದೆ. ನಮ್ಮ ಅಜ್ಜನ ಕಾಲದಲ್ಲಿ ಹಗೇವಿನಲ್ಲಿ ರಾಗಿ ತುಂಬಿಡುತ್ತಿದ್ದರು, ಬರಗಾಲಕ್ಕೆ. ಹಗೇವು ತುಂಬಿದೆಯೆಂದು ನೋಡಿ ನೋಡಿ ಸಂತೋಷಪಟ್ಟು ಮನೆಯವರನ್ನು ಉಪವಾಸ ಕೆಡವಿದ ಯಜಮಾನನ ಹಾಗಿತ್ತು ಆ ದಿನದ ನನ್ನ ಲೆಕ್ಕಾಚಾರ.

ಒಂದು ವಿಷಯ ಓದಿ ನನಗೇ ನಗು ಬಂತು. ಜೇಮ್ಸ್ ನೈಸ್ಮಿತ್ 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಪೀಚ್ ಹಣ್ಣಿನ ಬುಟ್ಟಿ ಕಟ್ಟಿ ಈ ಆಟವನ್ನು ಶುರು ಮಾಡಿದಾಗ ಬರೆದದ್ದು 13 ನಿಯಮಗಳು. ಅದರಲ್ಲಿ ಎರಡನೇ ಫೌಲ್ ಮಾಡಿದವನು ಮುಂದಿನ ಗೋಲು ಬೀಳುವವರೆಗೆ ಹೊರಗಿರಬೇಕು ಎಂದಿತ್ತು. ಬೇಕೆಂದೇ ಪೆಟ್ಟು ಮಾಡಲು ಹೋದವನಿಗೆ ಮಾತ್ರ ಇಡೀ ಪಂದ್ಯದ ಶಿಕ್ಷೆ. ಆ ಕಾಲದ ನಿಯಮದಲ್ಲಿ ಆಡಿದ್ದರೂ ನಮ್ಮ 11 ಒಂದೆರಡು ನಿಮಿಷದಲ್ಲಿ ಒಳಗೆ ಬಂದಿರುತ್ತಿದ್ದಳು.

ಅವಳ ತಂದೆ ಪಾಂಡವಪುರದ ಕಡೆ ಕಬ್ಬು ಬೆಳೆಯುವವರು. ಮಗಳ ಆಟ ನೋಡಲು ಆ ದಿನ ಬಿಳಿ ಅಂಗಿ, ಬಿಳಿ ಪಂಚೆಯಲ್ಲಿ ಮೈಸೂರಿಗೇ ಬಂದು ಮೇಲಿನ ಸಾಲಿನಲ್ಲಿ ಒಬ್ಬರೇ ಕುಳಿತಿದ್ದರು. ಬ್ಯಾಸ್ಕೆಟ್‌ಬಾಲ್ ನೋಡಿದ್ದು ಅದೇ ಮೊದಲು. ಪಂದ್ಯ ಮುಗಿದ ಮೇಲೆ ನನ್ನ ಬಳಿ ಬಂದು, ಮಗಳಿಗೆ ಪೆಟ್ಟಾಗಿತ್ತೇ ಎಂದು ವಿಚಾರಿಸಿದರು. ಇಲ್ಲ ಎಂದೆ. ಸುಸ್ತಾಗಿತ್ತೇ ಎಂದರು. ಅದೂ ಇಲ್ಲ, ಇನ್ನೊಂದು ತಪ್ಪಾದರೆ ಹೊರಗೆ ಹಾಕಿಬಿಡುತ್ತಾರೆಂದು ಕೂರಿಸಿದ್ದೆ ಎಂದು ವಿವರಿಸಿದೆ. ಅವರು ಸ್ವಲ್ಪ ಹೊತ್ತು ಅಂಕಣವನ್ನೇ ನೋಡಿ, “ಕಾಲು ನೊಂದೀತು ಅಂತ ಉಳೋ ಹೊತ್ನಲ್ಲಿ ಎತ್ತ ಕೊಟ್ಟಿಗೇಲಿ ಕಟ್ಟಾಕ್ತಾರಾ ಸಾ?” ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದು. ಆಟದ ನಿಯಮ ಹಾಗಿದೆ ಎಂದು ನಾನು ಉತ್ತರಿಸಿದೆ. ನಿಯಮ ಹಾಗಿಲ್ಲ. ನಿಯಮ ಅವಳಿಗೆ ಐದು ಮನೆ ಕೊಟ್ಟಿತ್ತು.

ಈಗ ನೀವು ನೋಡುತ್ತಿರುವುದು ಕಳೆದ ವಾರದ ಅಭ್ಯಾಸ. ಹುಡುಗಿಯರು ತಮ್ಮ ವೇಲನ್ನು ಕತ್ತಿನ ಹಿಂದೆ ಹಾಕಿ ಎರಡೂ ತುದಿಗಳನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಾರೆ. ಕೈ ಕಟ್ಟಿದ ಹಾಗಿರುವುದರಿಂದ ಎದುರಿನವಳನ್ನು ತಡೆಯಲು ಕಾಲನ್ನೇ ಸರಿಸಬೇಕು, ಎದೆಯನ್ನೇ ಅಡ್ಡ ಒಡ್ಡಬೇಕು. ಈ ಅಭ್ಯಾಸವನ್ನು ಟವೆಲ್ ಹಿಡಿದು ಮಾಡಿಸುವುದು ವಾಡಿಕೆ, ಹನ್ನೆರಡು ಟವೆಲ್ ನಮ್ಮಲ್ಲಿಲ್ಲ. 14ನೇ ನಂಬರಿನವಳನ್ನು ಈಗ ಪ್ರತಿ ಅಭ್ಯಾಸ ಪಂದ್ಯದಲ್ಲೂ ಮೊದಲ ಐವರಲ್ಲೇ ಇಳಿಸುತ್ತಿದ್ದೇನೆ. ಚೆಂಡು ಇನ್ನೂ ಜಾರುತ್ತದೆ, ಆದರೆ ಜಾರಿದ ಮೇಲೆ ಅವಳು ನನ್ನ ಮುಖ ನೋಡುವುದನ್ನು ನಿಲ್ಲಿಸಿದ್ದಾಳೆ.

ಅಭ್ಯಾಸ ಪಂದ್ಯಗಳಿಗೂ ಈಗ ಸ್ಕೋರ್‌ಶೀಟ್ ಇಡುತ್ತೇನೆ, ಹಳೆಯ ಹಾಜರಾತಿ ಪುಸ್ತಕದ ಹಿಂಬದಿಯಲ್ಲಿ ಸ್ಕೇಲಿಟ್ಟು ಗೆರೆ ಹಾಕಿ ನಾನೇ ಮನೆಗಳನ್ನು ಬರೆಯುತ್ತೇನೆ. ನಿನ್ನೆ ಸಂಜೆ ಎರಡು ಗುಂಪು ಮಾಡಿ ಆಡಿಸುವಾಗ, ಮೂರನೇ ಅವಧಿಯ ನಡುವೆಯೇ 11ಕ್ಕೆ ನಾಲ್ಕನೇ ಫೌಲ್ ಬಿತ್ತು. ಯಾರೂ ಕರೆಯದೆಯೇ ಅವಳು ಗೆರೆಯ ಕಡೆಗೆ ನಡೆದು ಬರತೊಡಗಿದಳು. ನಾನು ನಾಲ್ಕನೇ ಮನೆಯಲ್ಲಿ ಗುರುತು ಹಾಕಿ, “ಎಲ್ಲಿಗವ್ವಾ?” ಎಂದೆ. ಅವಳು ಅಲ್ಲೇ ನಿಂತು, ಒಂದು ಕ್ಷಣ ಅನುಮಾನಿಸಿ, ಹಿಂದಿರುಗಿ ಓಡಿದಳು.

ನಾಲ್ಕು ನಿಮಿಷದಲ್ಲಿ ಐದನೆಯದೂ ಬಿತ್ತು. ಮತ್ತೆ ಕೈ ಹಾಕಿದ್ದಳು. ಬಂದು ನನ್ನ ಪಕ್ಕದಲ್ಲಿ ಕುಳಿತು, ಅರ್ಧ ಬಾಟಲಿ ನೀರು ಕುಡಿದು, “ಸರ್, ಆ ನಾಲ್ಕು ನಿಮಿಷದಲ್ಲಿ ರೀಬೌಂಡ್ ಎಷ್ಟು ಬರೆದುಕೊಂಡಿರಿ?” ಎಂದು ಕೇಳಿದಳು. ಐದು ಎಂದೆ. ಆರು ಎಂದು ವಾದಿಸಿದಳು, ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು.