ಮುರಿದ ಲಾಳ ಕಳೆದುಹೋಗಿದ್ದಲ್ಲ

ಕೇಳುಗರಿಗೆ ನಮಸ್ಕಾರ. ಹಳೇ ಟೀವಿ ಸೀರಿಯಲ್ ಬಗ್ಗೆ ಮಾತಾಡಿ ಅಂದ್ರು, ನಾನು ಒಂದನ್ನೇ ಹಿಡ್ಕೊಂಡು ಬಂದಿದೀನಿ, 'ದಿ ಬ್ರೋಕನ್ ಹಾರ್ಸ್‌ಶೂ', ಅಂದ್ರೆ ಮುರಿದ ಲಾಳ. 1952ರಲ್ಲಿ ಬಿಬಿಸಿಲಿ ಬಂತು, ಆರು ಕಂತು. ಬರೆದೋರು ಫ್ರಾನ್ಸಿಸ್ ಡರ್ಬ್ರಿಡ್ಜ್, ಪಾಲ್ ಟೆಂಪಲ್ ಅನ್ನೋ ಪತ್ತೇದಾರನ್ನ ಹುಟ್ಟುಹಾಕಿದೋರು, ಅದೂ ರೇಡಿಯೋದಲ್ಲಿ, ಅಂದ್ರೆ ನಮ್ಮೋರೇ ಬಿಡಿ! ಕಥೆ ಏನಂದ್ರೆ ಯಾರೋ ಗಾಡಿ ಗುದ್ದಿ ಪರಾರಿ ಆಗಿರ್ತಾರೆ, ಗಾಯಾಳು ಒಬ್ಬ ಸರ್ಜನ್ ಹತ್ರ ಬರ್ತಾನೆ, ಬದುಕ್ಕೊಂಡ ಅನ್ನೋಷ್ಟರಲ್ಲಿ ಅವನ ಕೊಲೆ ಆಗುತ್ತೆ, ಡಾಕ್ಟ್ರು ಅದ್ರಲ್ಲಿ ಸಿಕ್ಕಾಕ್ಕೋತಾರೆ.

ಇದನ್ನ ಹೇಳಿದ್ರೆ ಸಾಕು, "ಬಿಬಿಸಿಯೋರು ಟೇಪ್ ಅಳಿಸಿಬಿಟ್ರಂತಲ್ಲ" ಅಂತಾರೆ. ಇಲ್ಲ ಸ್ವಾಮಿ, ಅಳಿಸೋಕೆ ಟೇಪ್ ಎಲ್ಲಿತ್ತು? ಬಳಸೋಕೆ ಆಗೋಂಥ ವಿಡಿಯೋಟೇಪ್ ಮಿಷಿನ್ ಬಂದಿದ್ದೇ 1956ರಲ್ಲಿ. ನಟರು ಸ್ಟುಡಿಯೋದಲ್ಲಿ ಲೈವ್ ಆಡ್ತಿದ್ರು, ಅದೇ ಕ್ಷಣಕ್ಕೆ ಮನೆಮನೇಲಿ ಕಾಣ್ತಿತ್ತು, ಮುಗೀತು ಅಂದ್ರೆ ಮುಗೀತು. ರೆಕಾರ್ಡೇ ಆಗಿಲ್ಲ.

ರೆಕಾರ್ಡ್ ಮಾಡೋ ದಾರಿ ಇರ್ಲೇ ಇಲ್ವಾ ಅಂದ್ರೆ ಇತ್ತು, ಟೀವಿ ಪರದೆ ಮುಂದೆ ಸಿನಿಮಾ ಕ್ಯಾಮೆರಾ ಇಟ್ಟು ಶೂಟ್ ಮಾಡೋದು, ಅಷ್ಟೇ! ಮರುವರ್ಷ, 1953ರಲ್ಲಿ, 'ದಿ ಕ್ವಾಟರ್‌ಮಾಸ್ ಎಕ್ಸ್‌ಪೆರಿಮೆಂಟ್' ಅಂತ ಇನ್ನೊಂದು ಸೀರಿಯಲ್ ಬಂತು, ಅದೂ ಆರೇ ಕಂತು, ಅದನ್ನ ಹೀಗೇ ಹಿಡಿಯೋಕೆ ಹೋದ್ರು. ಎರಡನೇ ಕಂತು ನಡೀತಿದೆ, ಗಂಭೀರವಾದ ಸೀನು, ಎಲ್ಲಿಂದ್ಲೋ ಒಂದು ಹುಳ ಬಂದು ಪರದೆ ಮೇಲೆ ಕೂತ್ಕೊಳ್ತು. ಏಳ್ತಾನೇ ಇಲ್ಲ ಮಹಾರಾಯ! ನಿಲ್ಲಿಸಿ ಓಡಿಸೋಣ ಅಂದ್ರೆ ಆ ಕಡೆ ನಾಟಕ ಲೈವ್ ಹೋಗ್ತಿದೆ. ಇವತ್ತಿಗೂ ಆ ಫಿಲ್ಮ್ ಹಾಕಿದ್ರೆ ಹುಳ ಹಾಗೇ ಕೂತಿದೆ, ನಾನಂತೂ ಕಥೆ ಬಿಟ್ಟು ಅದನ್ನೇ ನೋಡ್ತೀನಿ. ಚಿತ್ರ ಚೆನ್ನಾಗಿ ಬರ್ಲಿಲ್ಲ ಅಂತ ಎರಡೇ ಕಂತಿಗೆ ಕೈಬಿಟ್ರು, ಮಿಕ್ಕ ನಾಲ್ಕು ಗಾಳಿಗೆ ಹೋಯ್ತು. ಅಳಿಸಿದ್ದಲ್ಲ, ಮತ್ತೆ ಹೇಳ್ತೀನಿ, ರೆಕಾರ್ಡೇ ಆಗಿಲ್ಲ.

ಗಡಿಯಾರ ತೋರಿಸ್ತಿದಾರೆ ಇಲ್ಲಿ. ಲಾಳದ ಕಥೆ 1953ರಲ್ಲಿ ಸಿನಿಮಾ ಆಯ್ತು, ನಟರು ಬೇರೆ. ಟೀವಿಲಿ ಡಾಕ್ಟ್ರಾಗಿದ್ದ ಜಾನ್ ರಾಬಿನ್ಸನ್ ಹೇಗಿದ್ರು ಅಂತ ನೋಡ್ಬೇಕಾದ್ರೆ 1955ರ 'ಕ್ವಾಟರ್‌ಮಾಸ್ 2' ಹುಡುಕಿ, ಅದು ಆರೂ ಕಂತು ಉಳಿದಿದೆ, ಅವರೇ ಹೀರೋ.