ಹೆಸರು ಓದುವಷ್ಟರಲ್ಲಿ ಉಸಿರು ಕಟ್ಟುವ ಸಂಘ

ಹಿಂದೆ ಕೆಂಪಗೆ ಕಾಣುತ್ತಿರುವುದು ಅಠಾರಾ ಕಚೇರಿ, ಅಂದರೆ ನಮ್ಮ ಹೈಕೋರ್ಟು. ಒಳಗೆ ಕ್ಯಾಮೆರಾ ಒಯ್ಯುವಂತಿಲ್ಲ. ಕಬ್ಬನ್ ಪಾರ್ಕಿನ ಈ ಬೆಂಚೇ ಗತಿ.

ಇವತ್ತಿನ ಮಾತು ಕರ್ನಾಟಕದ ಖಾಸಗಿ ಶಾಲಾ ಆಡಳಿತ ಮಂಡಳಿಗಳ ಒಂದು ಸಂಘದ ಬಗ್ಗೆ. ಶಾಲೆಯಲ್ಲಿ ಯಾವ ಭಾಷೆಯಲ್ಲಿ ಪಾಠ ಎಂಬ ಜಗಳದಲ್ಲಿ ಸುಪ್ರೀಂ ಕೋರ್ಟು 2014ರಲ್ಲಿ ಕೊಟ್ಟ ತೀರ್ಪಿನಲ್ಲಿರುವ ಇದರ ಹೆಸರು ಕೇಳಿ: ಸರ್ಕಾರದ ಮಾನ್ಯತೆ ಪಡೆದ, ಅನುದಾನರಹಿತ, ಇಂಗ್ಲಿಷ್ ಮಾಧ್ಯಮದ ಪ್ರಾಥಮಿಕ ಮತ್ತು ಪ್ರೌಢಶಾಲೆಗಳ ಆಡಳಿತ ಮಂಡಳಿಗಳ ಸಂಘ. ನಡುವೆ ಎಲ್ಲಾದರೂ ನೀರು ಕುಡಿಯಬೇಕು.

ಕೈಯಲ್ಲಿರುವ ಈ ಕಟ್ಟು ಅದೇ ತೀರ್ಪು. ಇದರ ಕಥೆ ಹೇಳಲೇಬೇಕು. ಮೊಬೈಲಿನಲ್ಲಿ ಓದುವಾಗ ಮುಖ್ಯವೆನಿಸಿದ ಕಡೆಗಳಲ್ಲಿ ಹಳದಿ ಗೆರೆ ಎಳೆದಿದ್ದೆ. ಜೆರಾಕ್ಸ್ ಅಂಗಡಿಯ ಹುಡುಗ ಅದನ್ನು ಹಾಗೆಯೇ ಬಣ್ಣದಲ್ಲಿ ಮುದ್ರಿಸಿಬಿಟ್ಟ. ಕಪ್ಪುಬಿಳುಪಾದರೆ ಪುಟಕ್ಕೆ 2 ರೂಪಾಯಿ, ಬಣ್ಣವಾದರೆ 10. ಹಳದಿ ಇದ್ದದ್ದು 31 ಪುಟಗಳಲ್ಲಿ. 62 ರೂಪಾಯಿಯ ಕೆಲಸಕ್ಕೆ 310! ಈ ಪುಟ ನೋಡಿ, ‘ಮಾತೃಭಾಷೆ’ ಎಂಬ ಒಂದೇ ಪದಕ್ಕೆ ಗೆರೆ. ಒಂದು ಪದಕ್ಕೆ 10 ರೂಪಾಯಿ. ಕೇಳಿದರೆ, ‘ಸಾರ್, ಬಣ್ಣ ಬಣ್ಣವೇ’ ಎಂದ. ವಾದಿಸಲು ನಾನೇನು ವಕೀಲನೇ?

ಇರಲಿ. 1994ರ ಏಪ್ರಿಲ್ 29ರಂದು ಸರ್ಕಾರ ಆದೇಶ ಹೊರಡಿಸಿತು: ಒಂದರಿಂದ ನಾಲ್ಕನೆಯ ತರಗತಿಯವರೆಗೆ ಪಾಠ ಮಾತೃಭಾಷೆಯಲ್ಲಿ ಅಥವಾ ಕನ್ನಡದಲ್ಲಿ. ಸಂಘ ಕೋರ್ಟಿನ ಮೆಟ್ಟಿಲೇರಿತು. ನಾನು ಕನ್ನಡ ಮಾಧ್ಯಮದವನು. ಪೋಷಕರ ಆಯ್ಕೆಯೆಂಬ ಇವರ ಮಾತಿನೊಳಗೆ ಶುಲ್ಕದ ಲೆಕ್ಕವೇ ಇದೆ ಎಂದು ಸಿಟ್ಟಿತ್ತು. ಆದರೆ ಕನ್ನಡ ಮಾಧ್ಯಮಕ್ಕೆಂದು ಅನುಮತಿ ಪಡೆದು, ಬಾಗಿಲು ಮುಚ್ಚಿಕೊಂಡು ಇಂಗ್ಲಿಷಿನಲ್ಲಿ ಪಾಠ ನಡೆಸಿದ ಶಾಲೆಗಳೂ ಇದ್ದವಲ್ಲ? ಅದಕ್ಕಿಂತ ಬಹಿರಂಗವಾಗಿ ಜಗಳವಾಡಿದ್ದೇ ಮೇಲು. ಸಿಟ್ಟು ಅರ್ಧ ಇಳಿದಿದೆ, ಪೂರ್ತಿಯಲ್ಲ.

ನಾನು ಕೆಲಸ ಮಾಡುವುದು ಶಾಲೆಯ ಕಚೇರಿಯಲ್ಲಿ. ದಾಖಲಾತಿ ಅರ್ಜಿಯಲ್ಲಿ ಮಾತೃಭಾಷೆ ಎಂಬ ಖಾನೆ ಇರುತ್ತದೆ. ಮೊನ್ನೆ ಒಂದು ಮಗುವಿನ ತಾಯಿ ತುಳು ಎಂದರು, ತಂದೆ ಕೊಂಕಣಿ ಎಂದರು, ಮಗು ನನ್ನೊಂದಿಗೆ ಕನ್ನಡದಲ್ಲಿ ಮಿಠಾಯಿ ಕೇಳಿತು. ಏನೆಂದು ಬರೆಯಲಿ?

ಅಯ್ಯೋ, ಕಾವಲುಗಾರರು ಈ ಕಡೆಗೇ ಬರುತ್ತಿದ್ದಾರೆ, ಸ್ಟ್ಯಾಂಡ್ ಮಡಚುತ್ತೇನೆ. ಬೇಗ ಹೇಳಿಬಿಡುತ್ತೇನೆ. 2008ರ ಜುಲೈನಲ್ಲಿ ಹೈಕೋರ್ಟಿನ ಪೂರ್ಣಪೀಠದಲ್ಲಿ ಸಂಘ ಗೆದ್ದಿತು. ಸರ್ಕಾರ ದೆಹಲಿಗೆ ಹೋಯಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ, ಮಗುವಿನ ಮಾತೃಭಾಷೆ ಯಾವುದೆಂದು ಹೇಳಬೇಕಾದವರು ಪೋಷಕರು ಎಂದಿತು. 1994ರಲ್ಲಿ ಒಂದನೆಯ ತರಗತಿಗೆ ಸೇರಿದ ಮಗುವಿಗೆ ಆಗ ಇಪ್ಪತ್ತಾರು ವರ್ಷ. ಬಂದೆ ಸಾರ್, ಎದ್ದೆ, ಎದ್ದೆ!