ನಮ್ಮ ಹಾಡಿಗೆ ನಮ್ಮವರ ಮುಖ

ಎಲ್ಲರಿಗೂ ನಮಸ್ಕಾರ.

ನನ್ನ ಕೈಯಲ್ಲಿರುವುದು ಒಂದು ಎಲ್‌ಪಿ ರೆಕಾರ್ಡಿನ ಕವರ್. 12 ಇಂಚು ಅಗಲ, 12 ಇಂಚು ಎತ್ತರದ ರಟ್ಟು, ಅಷ್ಟೇ. ಇವತ್ತು ಹಾಡು ಕೇಳುವುದು ಬೇಡ, ಕವರನ್ನೇ ನೋಡೋಣ. ಅಮೆರಿಕದ ಕಪ್ಪು ಕಲಾವಿದರು ಈ ಇಷ್ಟು ಜಾಗಕ್ಕೆ ಎಷ್ಟು ಜಗಳ ಆಡಬೇಕಾಯಿತು ಅಂತ ಗೊತ್ತಾದ ಮೇಲೆ, ಹಳೇ ರೆಕಾರ್ಡುಗಳನ್ನು ಸುಮ್ನೆ ತಿರುವಿ ಹಾಕಲು ನನ್ನ ಕೈಲಿ ಆಗುತ್ತಿಲ್ಲ.

1957ರಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಮೈಲ್ಸ್ ಅಹೆಡ್’ ಬಂತು. ಕೊಲಂಬಿಯಾ ಕಂಪನಿಯವರು ಕವರಿಗೆ ಯಾರ ಚಿತ್ರ ಹಾಕಿದ್ದರು ಗೊತ್ತಾ? ಹಾಯಿದೋಣಿಯಲ್ಲಿ ಕೂತ ಒಬ್ಬ ಬಿಳಿ ಹೆಂಗಸು, ಜೊತೆಗೊಂದು ಮಗು. ನುಡಿಸಿದವರಿಗೂ ಆ ದೋಣಿಗೂ ಏನೂ ಸಂಬಂಧವಿಲ್ಲ. ಮೈಲ್ಸ್‌ಗೆ ಸಿಟ್ಟು ಬಂತು. ಆಮೇಲಿನ ಮುದ್ರಣಗಳಲ್ಲಿ ಅವರದೇ ಫೋಟೊ ಬಂತು.

ಅವರು ಅಲ್ಲಿಗೇ ಬಿಡಲಿಲ್ಲ. ನನ್ನ ರೆಕಾರ್ಡಿನ ಮೇಲೆ ಕಪ್ಪು ಹೆಣ್ಣುಮಕ್ಕಳ ಮುಖ ಇರಬೇಕು ಅಂತ ಹಟ ಹಿಡಿದರು. 1961ರ ‘ಸಮ್‌ಡೇ ಮೈ ಪ್ರಿನ್ಸ್ ವಿಲ್ ಕಮ್’ ಕವರಿನಲ್ಲಿರುವುದು ಅವರ ಹೆಂಡತಿ ಫ್ರಾನ್ಸಿಸ್ ಟೇಲರ್, ಹೆಸರಾಂತ ನರ್ತಕಿ. ಇಲ್ಲಿ ಒಂದು ನಿಮಿಷ ನಿಲ್ಲೋಣ. ‘ನನ್ನ ರಾಜಕುಮಾರ ಒಂದು ದಿನ ಬಂದೇ ಬರುತ್ತಾನೆ’ ಅನ್ನುವ ಆ ಹಾಡು ಡಿಸ್ನಿಯವರ 1937ರ ‘ಸ್ನೋ ವೈಟ್’ ಚಿತ್ರದ್ದು. ಹಾಡುವವಳು ಹಿಮದಷ್ಟು ಬೆಳ್ಳಗಿನ ರಾಜಕುಮಾರಿ. ಬಿಳುಪು ಅವಳ ಹೆಸರಿನಲ್ಲೇ ಇದೆ. ಅದೇ ಹಾಡಿನ ಹೆಸರಿನ ಕೆಳಗೆ ಮೈಲ್ಸ್ ತಮ್ಮ ಹೆಂಡತಿಯನ್ನು ತಂದು ನಿಲ್ಲಿಸಿದರು. ರಾಜಕುಮಾರಿ ಇವಳೂ ಹೌದು ಅಂತ ಹೇಳಲು ಅವರಿಗೆ ಒಂದು ಮಾತೂ ಬೇಕಾಗಲಿಲ್ಲ.

ಕಂಪನಿಗಳಿಗೆ ಇದ್ದ ಭಯ ವ್ಯಾಪಾರದ್ದು. ಕಪ್ಪು ಮುಖ ಕಂಡರೆ ಬಿಳಿಯರು ಕೊಳ್ಳುವುದಿಲ್ಲ ಅನ್ನುವ ಲೆಕ್ಕ. 1965ರಲ್ಲಿ ಕಪ್ಪು ಗಾಯಕ ಓಟಿಸ್ ರೆಡ್ಡಿಂಗ್ ಅವರ ‘ಓಟಿಸ್ ಬ್ಲೂ’ ಮೇಲೆ ಹೊಂಬಣ್ಣದ ಕೂದಲಿನ ಬಿಳಿ ಹುಡುಗಿ ಇದ್ದಳು. ಮರುವರ್ಷ ಕಪ್ಪು ಗಾಯಕರ ತಂಡ ಐಸ್ಲಿ ಬ್ರದರ್ಸ್ ಅವರ ರೆಕಾರ್ಡಿನ ಮೇಲೆ ಸಮುದ್ರದಂಡೆಯಲ್ಲಿ ಒಂದು ಬಿಳಿ ಜೋಡಿ. ಇದನ್ನು ಹೊರತಂದದ್ದು ಕಪ್ಪು ಜನರೇ ಕಟ್ಟಿದ ಮೋಟೌನ್ ಕಂಪನಿ! ಆ ಭಯ ಎಷ್ಟು ಆಳಕ್ಕೆ ಇಳಿದಿತ್ತು ನೋಡಿ. ದನಿ ಬೇಕು, ಮುಖ ಬೇಡ. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಕೆಲವರು ಇಂಥ ಲೆಕ್ಕಕ್ಕೆ ಸೊಪ್ಪು ಹಾಕಲಿಲ್ಲ. 1960ರ ಫೆಬ್ರವರಿ 1ರಂದು ಅಮೆರಿಕದ ಗ್ರೀನ್ಸ್‌ಬರೋ ಊರಿನಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗೆ ಮೀಸಲಾಗಿದ್ದ ಊಟದ ಕೌಂಟರಿನಲ್ಲಿ ಕೂತು ಕಾಫಿ ಕೇಳಿದರು. ಕೊಡಲಿಲ್ಲ. ಅವರೂ ಏಳಲಿಲ್ಲ. ಅದೇ ವರ್ಷ ಡ್ರಮ್ ವಾದಕ ಮ್ಯಾಕ್ಸ್ ರೋಚ್ ‘ವಿ ಇನ್ಸಿಸ್ಟ್’ ತಂದರು. ಕವರಿನಲ್ಲಿ ಅಂಥದೇ ಒಂದು ಕೌಂಟರ್. ಮೂವರು ಕಪ್ಪು ಗಂಡಸರು ಕೂತಲ್ಲಿಂದಲೇ ತಿರುಗಿ ನಮ್ಮನ್ನು ನೋಡುತ್ತಿದ್ದಾರೆ. ಆ ಕಣ್ಣುಗಳ ಮುಂದೆ ನಾವೇ ಉತ್ತರ ಹೇಳಬೇಕು ಅನ್ನಿಸುತ್ತದೆ.

ಹತ್ತು ವರ್ಷದಲ್ಲಿ ಗಾಳಿ ಬದಲಾಯಿತು. ಗಾಯಕ ಐಸಾಕ್ ಹೇಯ್ಸ್ ಟೆನ್ನೆಸ್ಸಿ ರಾಜ್ಯದ ಗೇಣಿದಾರರ ಮನೆಯ ಹುಡುಗ. ಚಿಕ್ಕಂದಿನಲ್ಲಿ ಹತ್ತಿ ಬಿಡಿಸಿದ ಕೈ ಅವರದು. 1971ರ ಅವರ ‘ಬ್ಲ್ಯಾಕ್ ಮೋಸೆಸ್’ ಕವರನ್ನು ಮಡಿಕೆ ಮಡಿಕೆಯಾಗಿ ಬಿಚ್ಚುತ್ತಾ ಹೋದರೆ ಶಿಲುಬೆಯ ಆಕಾರದ ಚಿತ್ರವಾಗುತ್ತದೆ. ಹೆಚ್ಚುಕಡಿಮೆ ನಾಲ್ಕು ಅಡಿ ಉದ್ದ! ನಿಲುವಂಗಿ ತೊಟ್ಟು ಬೈಬಲಿನ ಪ್ರವಾದಿ ಮೋಸೆಸ್‌ನಂತೆ ನಿಂತ ಹೇಯ್ಸ್. ಅದನ್ನು ಬಿಚ್ಚಿಡಲು ಮೇಜು ಸಾಲದು, ನೆಲವೇ ಬೇಕು.

ಈಗ ನನ್ನ ಕೈಯಲ್ಲಿರುವ ಕವರಿಗೆ ಬರುತ್ತೇನೆ. ಗಾಯಕ ಮಾರ್ವಿನ್ ಗೇ ಅವರ ‘ಐ ವಾಂಟ್ ಯೂ’, 1976. ಚಿತ್ರದ ಹೆಸರು ‘ದ ಶುಗರ್ ಶ್ಯಾಕ್’, ಬರೆದವರು ಕಪ್ಪು ಚಿತ್ರಕಾರ ಎರ್ನಿ ಬಾರ್ನ್ಸ್. ಕಿಕ್ಕಿರಿದ ಕೋಣೆಯಲ್ಲಿ ಕುಣಿತ. ತೋಳುಗಳು, ಬೆನ್ನುಗಳು ಬಳ್ಳಿಯ ಹಾಗೆ ಉದ್ದಕ್ಕೆ ಬಳುಕಿವೆ. ಬಾರ್ನ್ಸ್ ಹುಡುಗನಾಗಿದ್ದಾಗ ತಮ್ಮೂರು ಡರ್ಹಮ್‌ನಲ್ಲಿ ಕದ್ದು ಹೋಗಿ ನೋಡಿದ್ದ ಕುಣಿತ ಇದು. ಮಾರ್ವಿನ್ ಕೇಳಿಕೊಂಡ ಮೇಲೆ, ಆ ಆಲ್ಬಮ್ಮಿನ ಹಾಡುಗಳ ಹೆಸರಿರುವ ಬ್ಯಾನರುಗಳನ್ನೂ ಚಿತ್ರದಲ್ಲಿ ತೂಗುಹಾಕಿದರು. ಈ ಚಿತ್ರದ್ದೇ ಇನ್ನೊಂದು ಪ್ರತಿ 2022ರಲ್ಲಿ ಒಂದೂವರೆ ಕೋಟಿ ಡಾಲರಿಗೂ ಜಾಸ್ತಿಗೆ ಹರಾಜಾಯಿತು. ಆದರೆ ಜನ ಇದನ್ನು ಮೊದಲು ಮನೆಗೆ ತಂದದ್ದು ಒಂದು ರೆಕಾರ್ಡಿನ ಬೆಲೆಗೆ. ಗೋಡೆಗೆ ಒರಗಿಸಿಟ್ಟರೆ ಸಾಕು, ಮನೆಯಲ್ಲೇ ಚಿತ್ರಶಾಲೆ ಆಯಿತಲ್ವಾ?

ಬಾರ್ನ್ಸ್‌ಗೆ ಇದರ ಬೆಲೆ ಚೆನ್ನಾಗಿ ಗೊತ್ತಿತ್ತು. 1956ರಲ್ಲಿ, 18ರ ಹರೆಯದಲ್ಲಿ, ಕಾಲೇಜಿನವರ ಜೊತೆ ನಾರ್ತ್ ಕೆರೊಲಿನಾ ಮ್ಯೂಸಿಯಂ ಆಫ್ ಆರ್ಟ್‌ಗೆ ಹೋಗಿದ್ದರು. ಕಪ್ಪು ಕಲಾವಿದರ ಚಿತ್ರಗಳು ಎಲ್ಲಿವೆ ಅಂತ ಕೇಳಿದರು. ನಿಮ್ಮ ಜನ ಹಾಗೆಲ್ಲ ತಮ್ಮ ಭಾವನೆ ತೋರಿಸುವವರಲ್ಲ ಅಂದುಬಿಟ್ಟರು ಅಲ್ಲಿ ಚಿತ್ರಗಳ ಬಗ್ಗೆ ಹೇಳುತ್ತಿದ್ದವರು. 23 ವರ್ಷದ ನಂತರ, 1979ರಲ್ಲಿ, ಅದೇ ಮ್ಯೂಸಿಯಂನಲ್ಲಿ ಎರ್ನಿ ಬಾರ್ನ್ಸ್ ಒಬ್ಬರದೇ ಚಿತ್ರಗಳ ಪ್ರದರ್ಶನ ನಡೆಯಿತು. ಅಷ್ಟು ಹೊತ್ತಿಗೆ ಈ ಕುಣಿತ ಎಷ್ಟೋ ಮನೆಗಳ ಗೋಡೆ ಸೇರಿ ಮೂರು ವರ್ಷವಾಗಿತ್ತು.

ಕವರನ್ನು ಮುಂದಿನ ಸಾಲಿನಿಂದ ಹಿಂದಕ್ಕೆ ಕಳಿಸುತ್ತೇನೆ. ಕೈಯಲ್ಲಿ ಹಿಡಿದು, ಹತ್ತಿರದಿಂದ ನೋಡಿ. ಕುಣಿಯುವವರ ಕಣ್ಣುಗಳು ಮುಚ್ಚಿವೆ.